ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ್ದು ಎಷ್ಟು ಹಳೆಯದು?

ಅಜ್ಜಿಯ ಟ್ರಂಕು ತೆರೆದ ದಿನ ಅನೇಕ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಹುಣಸೆಹಣ್ಣು ನೆನೆಹಾಕುವುದು. ಕಪ್ಪಾದ ಬೆಳ್ಳಿ ನಾಣ್ಯ, ಕಿಲುಬು ಹಿಡಿದ ಹಿತ್ತಾಳೆ ಗಿಂಡಿ, ಮಸಿಬಣ್ಣದ ಬಿದರಿ ಹೂಜಿ ಎಲ್ಲವನ್ನೂ ಒಟ್ಟಿಗೆ ಹಾಕಿ ತಿಕ್ಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಸ್ತುವಿನ ವಯಸ್ಸು ಹೇಳುವ ಗುರುತುಗಳು ಅದರ ಮೈಮೇಲೇ ಇರುತ್ತವೆ, ತಿಕ್ಕಿದರೆ ಮೊದಲು ಸವೆಯುವುದೂ ಅವೇ. ಇದ್ದದ್ದು ಇದ್ದಹಾಗೆ ಫೋಟೊ ತೆಗೆಯಿರಿ, ತೂಗಿ ನೋಡಿ. ಆಮೇಲೆ ಮನೆಯ ಹಿರಿಯರ ಪಕ್ಕ ಕೂತು, ಇದು ಯಾರ ಕಡೆಯಿಂದ ಬಂದದ್ದು, ಮದುವೆಯಲ್ಲಿ ಕೊಟ್ಟದ್ದೋ ಜಾತ್ರೆಯಲ್ಲಿ ಕೊಂಡದ್ದೋ ಎಂದು ಕೇಳಿ ಬರೆದುಕೊಳ್ಳಿ. ದೊಡ್ಡಮ್ಮನಿಗೋ ಸೋದರತ್ತೆಗೋ ನೆನಪಿರುವ ಈ ಮಾತು ಯಾವ ತಜ್ಞರ ಹತ್ತಿರವೂ ಸಿಗುವುದಿಲ್ಲ.

ಟ್ರಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಬೆಳ್ಳಿ ರೂಪಾಯಿ. ಅದನ್ನು ಗುರುತಿಸುವುದು ಕಷ್ಟವಲ್ಲ. 1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾದ ರೂಪಾಯಿ ಒಂದು ತೊಲ ತೂಗುತ್ತದೆ, ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ತುಸು ಹಗುರವಿರಬಹುದು. ಆದರೆ ಒಂದೆರಡು ಗ್ರಾಂ ವ್ಯತ್ಯಾಸ ಬಂದರೆ ಅನುಮಾನಿಸಿ. ಅಂಚಿನ ಸುತ್ತ ಸಣ್ಣ ಗೀರುಗಳ ಬದಲು ಅಚ್ಚು ಕೂಡಿಸಿದ ಗೆರೆ ಕಂಡರೆ ಅದು ಎರಕದ ನಕಲಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1946 ಮತ್ತು 1947ರವು ನಿಕ್ಕಲ್‌ನವು, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತವೆ.

ರಾಣಿಯ ಮುಖವಿದ್ದರೆ ಅಕ್ಷರ ಓದಿ. 'ಕ್ವೀನ್' ಎಂದಿದ್ದರೆ 1876ರವರೆಗಿನದು, 'ಎಂಪ್ರೆಸ್' ಎಂದಿದ್ದರೆ 1877ರ ನಂತರದ್ದು. 1862 ಎಂದು ಒತ್ತಿರುವ ನಾಣ್ಯ ಮಾತ್ರ ಅದೇ ವರ್ಷದ್ದೆಂದು ಹೇಳಲಾಗದು. ಟಂಕಸಾಲೆಗಳು 1874ರವರೆಗೂ ಅದೇ ಇಸವಿಯನ್ನು ಮುಂದುವರಿಸಿದ್ದವು. 1911ರ ಐದನೇ ಜಾರ್ಜ್ ರೂಪಾಯಿ ಸಿಕ್ಕರೆ ಜೋಪಾನ. ದೊರೆಯ ಮೈಮೇಲಿನ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಅದನ್ನು ಹಿಂತೆಗೆದುಕೊಂಡು, ಮುಂದಿನ ವರ್ಷ ಚಿತ್ರ ತಿದ್ದಿ ಹೊರತಂದರು. ಇನ್ನು ಚಿನ್ನದ ಸವರನ್ನು ಇದ್ದರೆ ತೂಕ ಹತ್ತಿರಹತ್ತಿರ 8 ಗ್ರಾಂ, 22 ಕ್ಯಾರೆಟ್. 1918ರದ್ದಾಗಿದ್ದು ಕುದುರೆಯ ಕೆಳಗಿನ ನೆಲದ ಮೇಲೆ 'ಐ' ಎಂಬ ಪುಟ್ಟ ಇಂಗ್ಲಿಷ್ ಅಕ್ಷರ ಕಂಡರೆ, ಅದು ಮುಂಬಯಿಯಲ್ಲೇ ಅಚ್ಚಾದದ್ದು.

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಒಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1818 ಎಂದೂ, ಇನ್ನೊಂದು ಬದಿ ಹನುಮಂತ ಅಥವಾ ರಾಮ-ಸೀತೆಯರ ಚಿತ್ರವೂ ಇರುವ ತಾಮ್ರದ ಬಿಲ್ಲೆಗಳು ಲೆಕ್ಕವಿಲ್ಲದಷ್ಟು ಮನೆಗಳಲ್ಲಿವೆ. ಅವು ಕಂಪನಿಯ ನಾಣ್ಯಗಳೇ ಅಲ್ಲ, ಆಮೇಲೆ ಯಾರೋ ಮಾಡಿ ಮಾರಿದವು. ದೇವರಮನೆಯಲ್ಲಿ ಇಟ್ಟು ಪೂಜಿಸಲು ಅಡ್ಡಿಯಿಲ್ಲ, ಲಕ್ಷಗಟ್ಟಲೆ ಬೆಲೆ ಬರುತ್ತದೆಂದು ಮಾತ್ರ ನಂಬಬೇಡಿ. ಹಳೆಯ ನೋಟು-ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ಫೋನು ಮಾಡುವವರೂ ಇದ್ದಾರೆ. ಇಂಥ ವ್ಯವಹಾರಕ್ಕೂ ತನಗೂ ಯಾವ ಸಂಬಂಧವೂ ಇಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಪ್ರಕಟಣೆ ಕೊಟ್ಟಿದೆ. ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನನಗೆ ನಾಣ್ಯಕ್ಕಿಂತ ಪಾತ್ರೆಗಳ ಮೇಲೆ ಪ್ರೀತಿ ಹೆಚ್ಚು, ಏಕೆಂದರೆ ಅವು ಮನೆಯವರ ಹೆಸರು ಹೇಳುತ್ತವೆ. ಚೊಂಬು, ಗಿಂಡಿ, ತಪ್ಪಲೆಗಳ ಕಂಠದ ಕೆಳಗೆ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸುವ ರೂಢಿ ನಮ್ಮಲ್ಲಿತ್ತು. ಸಂಜೆಯ ಓರೆ ಬೆಳಕಿನಲ್ಲಿ ಪಾತ್ರೆಯನ್ನು ನಿಧಾನವಾಗಿ ತಿರುಗಿಸಿ, ಸವೆದ ಚುಕ್ಕಿಗಳೂ ಕಾಣಿಸುತ್ತವೆ. ಕೊಟ್ಟವರ ಹೆಸರು, ಊರಿನ ಮೊದಲಕ್ಷರ, ಕೆಲವೊಮ್ಮೆ ಕನ್ನಡ ಅಂಕಿಯಲ್ಲಿ ಇಸವಿ, ಇಲ್ಲವೇ ಸಂವತ್ಸರ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಬಂದದ್ದು 1867, 1927 ಮತ್ತು 1987ರ ಯುಗಾದಿಗಳಲ್ಲಿ. ಉಳಿದದ್ದನ್ನು ಅಲ್ಲಿಂದ ಎಣಿಸಿಕೊಳ್ಳಿ. 'ಈಶ್ವರ ಸಂ||' ಎಂದಿದ್ದರೆ 11ನೆಯದು, ಅಂದರೆ 1877-78, 1937-38 ಅಥವಾ 1997-98. ಪಾತ್ರೆಯ ಮೇಲಿನ ಹೆಸರು ನಿಮ್ಮ ಮುತ್ತಜ್ಜಿಯದಾಗಿದ್ದರೆ ಯಾವ ಈಶ್ವರ ಎಂದು ಆಗಲೇ ಗೊತ್ತಾಗುತ್ತದೆ. ಪಾವು, ಸೇರಿನ ಹಳೆಯ ಅಳತೆ ಪಾತ್ರೆಗಳು ಹೆಚ್ಚಾಗಿ ಮೆಟ್ರಿಕ್ ಪದ್ಧತಿ ತಂದ 1956ರ ಕಾಯ್ದೆ ಜಾರಿಯಾಗುವುದಕ್ಕಿಂತ ಹಿಂದಿನ ಕಾಲದವು. ಅವುಗಳ ಮೇಲೆ ಸರ್ಕಾರದ ಮುದ್ರೆ ಇದೆಯೇ ಹುಡುಕಿ.

ಬಿದರಿಯ ವಿಷಯ ಬೇರೆ. ಅದರ ಮೈ ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ. ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಮಣ್ಣಿನ ಸಂಸ್ಕಾರದಿಂದ. ಆ ಕಪ್ಪು ಕೊಳೆಯಲ್ಲ, ಅದೇ ಕೆಲಸದ ಜೀವಾಳ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಬೂದುಬಣ್ಣ ಹೊರಬಿದ್ದು ಬೆಳ್ಳಿಯ ಬಳ್ಳಿಯೂ ಮಂಕಾಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಗೋಡೆಯ ಮೇಲಿನ ರವಿವರ್ಮನ ಲಕ್ಷ್ಮಿ, ಸರಸ್ವತಿಯರನ್ನು ಭೂತಗನ್ನಡಿಯಲ್ಲಿ ನೋಡಿ. ಸಾಲುಸಾಲಾಗಿ ಒಂದೇ ಅಳತೆಯ ಚುಕ್ಕಿಗಳಿದ್ದರೆ ಈಚಿನ ಮುದ್ರಣ. ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿ ಇದ್ದರೆ 1894ರಲ್ಲಿ ಶುರುವಾದ ಅವನ ಕಲ್ಲಚ್ಚಿನ ಪ್ರೆಸ್ಸಿನದ್ದೋ, ಆ ಕಾಲದ ಬೇರೆ ಪ್ರೆಸ್ಸಿನದ್ದೋ ಆಗಿರಬಹುದು. ಪಿಂಗಾಣಿಯ ತಳದಲ್ಲಿ 'ಆಕ್ಯುಪೈಡ್ ಜಪಾನ್' ಎಂದಿದ್ದರೆ 1945ರಿಂದ 1952ರ ನಡುವಿನದು. ತಾಳೆಗರಿಯ ಕಟ್ಟು ಸಿಕ್ಕರೆ ಗರಿಗಳನ್ನು ಎಳೆದು ಬಿಡಿಸಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದ್ದು ಅಲ್ಲಿಯೇ.

ಕಾನೂನನ್ನೂ ತಿಳಿದಿರಿ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಸ್ತುಗಳೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಅಂಥ ವಿಗ್ರಹ, ಚಿತ್ರಪಟಗಳನ್ನು ನೋಂದಾಯಿಸಬೇಕು. ದಂತದ ಕೆಲಸವಿರುವ ಪೆಟ್ಟಿಗೆಯನ್ನು ಮಾರುವಂತಿಲ್ಲ. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತೆಯೂ ಇಲ್ಲ, ಅದು ಸ್ವಂತ ಅಜ್ಜಿಯದ್ದೇ ಆದರೂ. ಅಮೆರಿಕಕ್ಕೋ ಲಂಡನ್ನಿಗೋ ಹೊರಟ ಮೊಮ್ಮಕ್ಕಳು ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ವಸ್ತುವನ್ನು ತೋರಿಸಿ, ಅದು ಪುರಾತನವಲ್ಲವೆಂಬ ಪ್ರಮಾಣಪತ್ರ ಪಡೆದ ಮೇಲೆಯೇ ಸೂಟ್‌ಕೇಸಿಗೆ ಹಾಕಿ.