ಹಲ್ಲಿಗೆ ವಿಮೆ: ಸಿಗುವುದೆಷ್ಟು, ಸಿಗದಿರುವುದೆಷ್ಟು?



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಅಡಿಕೆ ಕೃಷಿಕರೊಬ್ಬರು ಆರೋಗ್ಯ ವಿಮೆಯ ಕಾಗದಪತ್ರ ಹಿಡಿದು ನಮ್ಮ ಬಳಿ ಬಂದರು. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದರು. ನಾಲ್ಕು ವರ್ಷ ತಪ್ಪದೆ ಕಂತು ಕಟ್ಟಿದ್ದರೂ ಕಂಪೆನಿಯಿಂದ ಒಂದು ಪೈಸೆ ಬರಲಿಲ್ಲ. "ಫಾದರ್, ಇದು ಮೋಸವಲ್ಲವೇ?" ಎಂದು ಕೇಳಿದರು. ಇಬ್ಬರೂ ಕುಳಿತು ಓದಿದೆವು. ವಿಮೆಗೆ ಸೇರದ ಚಿಕಿತ್ಸೆಗಳ ಪಟ್ಟಿಯಲ್ಲಿ ಹಲ್ಲಿನ ಚಿಕಿತ್ಸೆ ಸ್ಪಷ್ಟವಾಗಿಯೇ ಇತ್ತು. ಆ ಪುಟವನ್ನು ಅವರು ಓದಿರಲಿಲ್ಲ. ಮಾರಿದವರು ಓದಿ ಹೇಳಿರಲೂ ಇಲ್ಲ.

ನಮ್ಮ ದೇಶದಲ್ಲಿ ಆರೋಗ್ಯ ವಿಮೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದಾಗ ಬರುವ ಖರ್ಚಿಗಾಗಿ ಇದೆ. ಅಡಿಕೆ ಮರದಿಂದ ಬಿದ್ದು ದವಡೆ ಮುರಿದರೆ ಸಾಮಾನ್ಯವಾಗಿ ವಿಮೆ ನೆರವಿಗೆ ಬರುತ್ತದೆ. ಆದರೆ ಹುಳುಕು ತುಂಬಿಸುವುದು, ಹಲ್ಲು ಶುಚಿ ಮಾಡಿಸುವುದು, ಕಟ್ಟಿಸಿದ ಹಲ್ಲು ಇವೆಲ್ಲ ಹೆಚ್ಚಿನ ಪಾಲಿಸಿಗಳಲ್ಲಿ ಸೇರುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯೂ ಹಾಗೆಯೇ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆ ಅದರಲ್ಲಿ ಸಿಗುತ್ತದೆ. ಆದರೆ ಅದು ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಹುಳುಕು ಹಲ್ಲಿಗಲ್ಲ.

ಹೀಗೇಕೆ? ನಮ್ಮ ತೋಟವನ್ನೇ ನೋಡೋಣ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಮಾರು 40-45 ದಿನಗಳ ಬಳಿಕ ಇನ್ನೊಮ್ಮೆ ನಾವು ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತೇವೆ. ಅದರ ಖರ್ಚನ್ನು ಯಾವ ವಿಮಾ ಕಂಪೆನಿಯೂ ಕೊಡುವುದಿಲ್ಲ. ಬಿಡದಿದ್ದರೆ ಕೊಳೆರೋಗ ಬರುವುದೆಂದು ನಮಗೆ ಗೊತ್ತು. ವಿಮೆ ಇರುವುದು ಯಾವಾಗ, ಯಾರಿಗೆ ಬರುವುದೆಂದು ತಿಳಿಯದ ದೊಡ್ಡ ನಷ್ಟಕ್ಕೆ. ಹಲ್ಲಿನ ಹುಳುಕು ನಿಧಾನವಾಗಿ ಬಹುತೇಕ ಎಲ್ಲರಿಗೂ ಬರುವಂಥದು, ತಡೆಯಬಹುದಾದದ್ದು. ಅದು ಮದ್ದು ಬಿಡುವ ಖರ್ಚಿನ ಲೆಕ್ಕಕ್ಕೆ ಸೇರಿದ್ದು.

ಈಗ ಕೆಲವು ಪಾಲಿಸಿಗಳು ಹೆಚ್ಚಿನ ಕಂತಿಗೆ ಹೊರರೋಗಿ ಚಿಕಿತ್ಸೆಯನ್ನೂ, ಅದರೊಳಗೆ ಹಲ್ಲನ್ನೂ ಸೇರಿಸುತ್ತವೆ. ಅಂಥದಕ್ಕೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿರಿ. ಹಲ್ಲಿಗೆ ವರ್ಷಕ್ಕೆ ಗರಿಷ್ಠ ಎಷ್ಟು? ಎಷ್ಟು ಕಾಲ ಕಾಯಬೇಕು? ಯಾವ ಯಾವ ಚಿಕಿತ್ಸೆ ಸೇರುತ್ತದೆ? ಉದಾಹರಣೆಗೆ, ಹೆಚ್ಚುವರಿ ಕಂತು 3,000 ರೂ., ಸಿಗುವ ಗರಿಷ್ಠ ಮೊತ್ತ 4,000 ರೂ. ಎಂದಾದರೆ ಲಾಭ ಹೆಚ್ಚೆಂದರೆ ಸಾವಿರ ರೂಪಾಯಿ. ಆ 3,000ವನ್ನು ಹಲ್ಲಿಗೆಂದು ಮನೆಯಲ್ಲೇ ತೆಗೆದಿಟ್ಟರೆ, ಖರ್ಚಾಗದ ವರ್ಷ ಅದು ನಿಮ್ಮದಾಗಿಯೇ ಉಳಿಯುತ್ತದೆ. ಕೊಂಡ ಮೇಲೆ ಬೇಡವೆನಿಸಿದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂತಿರುಗಿಸಬಹುದು.

ಹಾಗೆಂದು ಆರೋಗ್ಯ ವಿಮೆಯೇ ಬೇಡ ಎನ್ನಬೇಡಿರಿ. ಬಾಯಿಗೆ ಬರುವ ದೊಡ್ಡ ಕಷ್ಟ ಹುಳುಕಲ್ಲ, ಕ್ಯಾನ್ಸರ್. ಅದರ ಶಸ್ತ್ರಚಿಕಿತ್ಸೆಯ ಖರ್ಚಿಗೆ ತೋಟ ಅಡವಿಡಬೇಕಾಗದಂತೆ ಕಾಯುವುದು ಈ ವಿಮೆಯೇ. ಹೊಗೆಸೊಪ್ಪು ತಿನ್ನುವ ಅಭ್ಯಾಸವಿದ್ದರೆ ಅರ್ಜಿಯಲ್ಲಿ ಮರೆಮಾಚಬೇಡಿರಿ. ಮುಚ್ಚಿಟ್ಟ ಕಾರಣಕ್ಕೆ ಹಣ ನಿರಾಕರಿಸಬಹುದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆ ಜಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ಅನ್ನ ಉಣ್ಣುವ ನಮ್ಮ ಊರಿನಲ್ಲಿ ಈ ಮಾತು ಕಹಿ, ಆದರೂ ಹೇಳದಿರಲಾರೆವು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಬಿಗಿತ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಉಳಿದ ಹಲ್ಲಿನ ಕೆಲಸಕ್ಕೆ ದಂತ ವಿಭಾಗವಿರುವ ಸರಕಾರಿ ಆಸ್ಪತ್ರೆಗಳಿವೆ. ಗಡಿಯಾಚೆ ಮಂಗಳೂರಿನ ದಂತ ವೈದ್ಯಕೀಯ ಕಾಲೇಜುಗಳೂ ಇವೆ. ಕಾಲೇಜುಗಳಲ್ಲಿ ಸಮಯ ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಕಡಿಮೆ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಹಲ್ಲುಜ್ಜುವುದು ಎಲ್ಲಕ್ಕಿಂತ ಅಗ್ಗ.

ವಿಮೆಯ ಕಾಗದದ ಭಾಷೆ ಅರ್ಥವಾಗದಿದ್ದರೆ ನಾಚಿಕೆ ಬೇಡ. ಸಹಿ ಹಾಕುವ ಮೊದಲೇ ನಮ್ಮ ಬಳಿ ತನ್ನಿರಿ, ಕುಳಿತು ಓದೋಣ.