ಕಪ್ಪೆಯ ನೆಲಕ್ಕೆ ಎಷ್ಟು ನೀರು ಬೇಕು?

ಜೂನ್ ತಿಂಗಳ ಮೊದಲ ಮಳೆ ಬಿತ್ತೆಂದರೆ ಯಾವುದಾದರೊಂದು ಕಪ್ಪೆ ಡಬ್ಬಿಯೊಳಗೆ ಕುಳಿತು ನಮ್ಮ ತರಗತಿಗೆ ಬಂದೇ ಬರುತ್ತದೆ. ಒಂದು ವರ್ಷ ಆರನೇ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣ ಮರಳು ಹಾಸಿ, ಮೂಲೆಯಲ್ಲಿ ಸೋಡಾ ಬಾಟಲಿಯ ಮುಚ್ಚಳದ ತುಂಬ ನೀರಿಟ್ಟು, ಹೆಬ್ಬೆರಳ ಗಾತ್ರದ ಕಪ್ಪೆಯನ್ನು ತಂದಿದ್ದ. ಡಬ್ಬಿಗೆ ಗಾಳಿಯಾಡಲು ತೂತುಗಳನ್ನೂ ಮಾಡಿದ್ದ. "ಕುಡೀಲಿಕ್ಕೆ ನೀರು ಇಟ್ಟಿದ್ದೇನೆ ಟೀಚರ್" ಎಂದ. ಆಗಲೇ ಬಿಡಿಸಿ ಕಳುಹಿಸಬೇಕಿತ್ತು, ನಾನು ಪಾಠದ ಗಡಿಬಿಡಿಯಲ್ಲಿ ಸುಮ್ಮನಾದೆ. ಅದು ಶುಕ್ರವಾರ. ಡಬ್ಬಿ ಬೆಂಚಿನ ಕೆಳಗೇ ಉಳಿಯಿತು. ಸೋಮವಾರ ನೋಡಿದರೆ ಮುಚ್ಚಳದಲ್ಲಿ ಅರ್ಧ ನೀರು ಹಾಗೇ ಇತ್ತು, ಕಪ್ಪೆ ಮಾತ್ರ ಒಣಗಿ ಸತ್ತಿತ್ತು.

"ನೀರು ಇತ್ತಲ್ಲ ಟೀಚರ್, ಮತ್ತೆ ಯಾಕೆ ಸತ್ತಿತು?"

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಏನೆಂದರೆ, ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ. ಅದರಲ್ಲೂ ಕೆಳಹೊಟ್ಟೆ ಮತ್ತು ತೊಡೆಗಳ ಒಳಬದಿಯ ಚರ್ಮ ಈ ಕೆಲಸಕ್ಕೆಂದೇ ಇದ್ದಂತಿದೆ. ಅದು ತೆಳುವಾಗಿದ್ದು, ಅಡಿಯಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಬಲೆಯಂತೆ ಹರಡಿವೆ. ಅಲ್ಲಿನ ಜೀವಕೋಶಗಳಲ್ಲಿ ನೀರಿನ ಅಣುಗಳು ನುಸುಳುವ ಸೂಕ್ಷ್ಮ ದಾರಿಗಳಿವೆ. ಅವಕ್ಕೆ ಆಕ್ವಾಪೊರಿನ್ ಎಂದು ಹೆಸರು. ನಮ್ಮ ಮೂತ್ರಪಿಂಡದಲ್ಲೂ ಅವು ಇವೆ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಬಾಯಾರಿದ ಕಪ್ಪೆ ಹಿಂಗಾಲು ಅಗಲಿಸಿ, ಹೊಟ್ಟೆಯನ್ನು ಒದ್ದೆ ನೆಲಕ್ಕೆ ಒತ್ತಿ ಕುಳಿತಿರುತ್ತದೆ. ನೋಡಿದವರು ಸುಮ್ಮನೆ ಕೂತಿದೆ ಅಂದುಕೊಳ್ಳುತ್ತಾರೆ, ಅದು ನೀರು ಕುಡಿಯುತ್ತಿರುತ್ತದೆ!

ಇದನ್ನು ತೂಕ ಹಾಕಿ ತೋರಿಸಿದವರಲ್ಲಿ ಮೊದಲಿಗರು ರಾಬರ್ಟ್ ಟೌನ್ಸನ್ ಎಂಬ ಇಂಗ್ಲಿಷ್ ನಿಸರ್ಗ ವಿಜ್ಞಾನಿ. 1790ರ ದಶಕದಲ್ಲಿ ಜರ್ಮನಿಯ ಗಾಟಿಂಗೆನ್ ಊರಿನಲ್ಲಿದ್ದಾಗ ಅವರು ಮರಗಪ್ಪೆಗಳನ್ನು ಸಾಕಿದ್ದರು. ಎರಡಕ್ಕೆ ಡೇಮನ್, ಮ್ಯೂಸಿಡೋರಾ ಎಂದು ಹೆಸರನ್ನೂ ಇಟ್ಟಿದ್ದರು. ಕಪ್ಪೆಗಳನ್ನು ಮೊದಲು ತೂಗುವುದು, ನೀರಿನ ಸಂಪರ್ಕಕ್ಕೆ ಬಿಡುವುದು, ಮತ್ತೆ ತೂಗುವುದು, ಇಷ್ಟೇ ಅವರ ವಿಧಾನ. ತಕ್ಕಡಿಯೊಂದಿದ್ದರೆ ಸಾಕಿತ್ತು.

ಹಾಗಾದರೆ ಪೆಟ್ಟಿಗೆಯಲ್ಲಿರುವ ಕಪ್ಪೆಗೆ ಅದರ ಕಾಲ ಕೆಳಗಿನ ನೆಲವೇ ನೀರಿನ ಕೊಡ. ಒಣ ಮರಳು ಹಾಸಿದರೆ ಖಾಲಿ ಕೊಡ ಕೊಟ್ಟಂತೆ. ಮುಚ್ಚಳದ ನೀರಿನಲ್ಲಿ ಅದಕ್ಕೆ ಕೂರಲು ಆಗುವುದಿಲ್ಲ, ಹೀಗಾಗಿ ಆ ನೀರು ಇದ್ದೂ ಇಲ್ಲದಂತೆ. ಅಷ್ಟೇ ಅಲ್ಲ, ನೀರು ಒಳಬರುವ ಚರ್ಮದಿಂದಲೇ ನೀರು ಹೊರಗೂ ಹೋಗುತ್ತದೆ. ಕಪ್ಪೆ ಚರ್ಮದಿಂದ ಉಸಿರಾಡುವುದೂ ಉಂಟು, ಅದಕ್ಕೆ ಚರ್ಮ ಹಸಿಯಾಗಿರಬೇಕು. ಗಾಳಿಯಾಡುವ ಒಣ ಡಬ್ಬಿಯಲ್ಲಿ ಅದು ಹಗ್ಗದ ಮೇಲೆ ಹಾಕಿದ ಬಟ್ಟೆಯಂತೆ ಒಣಗುತ್ತದೆ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಪರಾಗ್ವೆ ಕಡೆ ಕೊಂಬುಗಪ್ಪೆಗಳಿವೆ. ಕಣ್ಣಿನ ಮೇಲೆ ಕೊಂಬಿನಂಥ ಉಬ್ಬು, ದೇಹದಷ್ಟೇ ಅಗಲವಾದ ಬಾಯಿ. ಆ ಬಾಯಿಂದಾಗಿಯೇ ವಿಡಿಯೋ ಗೇಮಿನ ಪ್ಯಾಕ್‌ಮ್ಯಾನ್ ಹೆಸರು ಇದಕ್ಕೆ ಅಂಟಿಕೊಂಡಿದೆ. ಅಮೆರಿಕ, ಯುರೋಪ್, ಜಪಾನಿನಲ್ಲಿ ಇವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ದಿನದ ಬಹುಪಾಲು ಇದು ಹಾಸಿನಲ್ಲಿ ಅರ್ಧ ಹೂತುಕೊಂಡು, ಕಣ್ಣು ಮಾತ್ರ ಹೊರಗಿಟ್ಟು ಕೂರುತ್ತದೆ. ಹಾಸು ತೀರಾ ಒಣಗಿದರೆ ಉದುರಿಸಬೇಕಾದ ಚರ್ಮವನ್ನೇ ಪದರ ಪದರವಾಗಿ ಮೈಗೆ ಸುತ್ತಿಕೊಂಡು, ಊಟ ಬಿಟ್ಟು ಬಿದ್ದುಬಿಡುತ್ತದೆ. ಹೊಸಬರು ಸತ್ತೇ ಹೋಯಿತು ಎಂದುಕೊಳ್ಳುವುದುಂಟು.

ಈ ಕಪ್ಪೆಗೆ ಅವರು ಹಾಸುವುದು ಏನು ಗೊತ್ತಾ? ನಮ್ಮ ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವಾಗ ಉದುರುವ ಕಂದು ಹುಡಿ. ಮಲಯಾಳದಲ್ಲಿ ಚಕಿರಿಚ್ಚೋರ್, ನರ್ಸರಿಯವರ ಬಾಯಲ್ಲಿ ಕೋಕೋಪೀಟ್. ಭಾರತ, ಶ್ರೀಲಂಕಾಗಳಿಂದ ಇದು ಇಟ್ಟಿಗೆಯಂತೆ ಒತ್ತಿದ ರೂಪದಲ್ಲಿ ಹೊರದೇಶಕ್ಕೆ ಹೋಗುತ್ತದೆ. 650 ಗ್ರಾಂನ ಒಂದು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬಿ 8–9 ಲೀಟರ್ ಹಾಸು ಆಗುತ್ತದೆ.

ನೆಲದಲ್ಲಿ ನೀರು ಇದೆಯೇ ಎಂದು ಕೇಳಿದರೆ ಸಾಲದು, ಆ ನೆಲ ನೀರನ್ನು ಬಿಟ್ಟುಕೊಡುತ್ತದೆಯೇ ಎಂದೂ ಕೇಳಬೇಕು. ದಪ್ಪ ಮರಳಿನ ಕಣಗಳ ನಡುವೆ ದೊಡ್ಡ ಸಂದುಗಳು, ನೀರು ಸರ್ರನೆ ಕೆಳಗಿಳಿಯುತ್ತದೆ. ಜಿಗುಟು ಮಣ್ಣಿನ ಸಂದುಗಳು ಬಹಳ ಚಿಕ್ಕವು, ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆದವಾನಿ, ಸೊಲ್ಲಾಪುರ ಕಡೆಯ ಮಕ್ಕಳಿಗೆ ಎರೆಮಣ್ಣು ಗೊತ್ತು. ಅದು ಬೇಕಾದಷ್ಟು ನೀರು ಹಿಡಿಯುತ್ತದೆ, ಆದರೆ ಅದರಲ್ಲೊಂದು ಪಾಲನ್ನು ಜೋಳದ ಬೇರಿಗೂ ಕೊಡುವುದಿಲ್ಲ. ಕಪ್ಪೆಯ ಹೊಟ್ಟೆಗೂ ಅದೇ ಕಷ್ಟ. ತೆಂಗಿನ ಹುಡಿ ಸ್ಪಂಜಿನ ಹಾಗೆ. ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಮೆತ್ತಗೆ ಒತ್ತಿದರೆ ಬಿಟ್ಟುಕೊಡುತ್ತದೆ, ದೊಡ್ಡ ಸಂದುಗಳಲ್ಲಿ ಗಾಳಿಯೂ ಉಳಿದಿರುತ್ತದೆ.

ಆದರೆ ಅದರಲ್ಲೂ ಒಂದು ತೊಡಕಿದೆ, ಉಪ್ಪು. ಕರಾವಳಿಯಲ್ಲಿ ಸಿಪ್ಪೆಯನ್ನು ಹಿನ್ನೀರಿನ ಸವುಳು ನೀರಿನಲ್ಲಿ ಕೊಳೆಹಾಕುವ ರೂಢಿ ಇದೆ. ಅಂಥ ಹುಡಿಯಲ್ಲಿ ಉಪ್ಪು ಉಳಿಯುತ್ತದೆ. ನೀರು ಚರ್ಮದ ಮೂಲಕ ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುವುದು ಎರಡೂ ಬದಿಯಲ್ಲಿ ಎಷ್ಟೆಷ್ಟು ಉಪ್ಪು ಕರಗಿದೆ ಎಂಬುದು. ಕಪ್ಪೆಯ ಮೈಯೊಳಗಿನ ದ್ರವ ಹೆಚ್ಚುಕಡಿಮೆ 0.65% ಉಪ್ಪುನೀರಿಗೆ ಸಮ, ಸಮುದ್ರದ ನೀರು ಸುಮಾರು 3.5%. ಹಾಸಿನ ನೀರು ಕಪ್ಪೆಯ ಮೈಗಿಂತ ಉಪ್ಪಾದರೆ ನೀರು ಒಳಗೆ ಬರುವ ಬದಲು ಹೊರಗೆ ಹೋಗುತ್ತದೆ. ಕೈಗೆ ಒದ್ದೆ ಎನಿಸುವ ಆ ನೆಲ ಕಪ್ಪೆಯನ್ನು ಒಣಗಿಸುತ್ತದೆ. ಅದಕ್ಕೇ ತಿಳಿದವರು ಹುಡಿಯನ್ನು ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು ಹಿಂಡುತ್ತಾರೆ.

ಹದ ನೋಡುವುದು ಹೇಗೆ? ಮನೆಯಲ್ಲಿ ಪುಟ್ಟು ಮಾಡುವಾಗ ಅಕ್ಕಿಹುಡಿಗೆ ನೀರು ಚಿಮುಕಿಸಿ ಕಲಸುವುದನ್ನು ನೋಡಿದ್ದೀರಲ್ಲ? ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಬಿತ್ತನೆಗೆ ಮೊದಲು ರೈತರು ಹಿಡಿ ಮಣ್ಣೆತ್ತಿ ನೋಡುವುದೂ ಹೀಗೇ. ಕಪ್ಪೆಯ ಹಾಸಿಗೆ ಇದಕ್ಕಿಂತ ತುಸು ಹೆಚ್ಚು ಹಸಿ ಇರಲಿ. ಗಟ್ಟಿಯಾಗಿ ಹಿಂಡಿದಾಗ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಸುರಿದರೆ ಅತಿಯಾಯಿತು, ಉಂಡೆಯೇ ಆಗದಿದ್ದರೆ ಒಣಗಿದೆ.

ಕಪ್ಪೆಗೆ ನೀರು ಅಂದರೆ ಇಷ್ಟ, ಇನ್ನಷ್ಟು ಸುರಿದರೆ ಏನಾಗುತ್ತದೆ ಅಂತ ಕೇಳಬಹುದು. ಕೆಸರಾದ ಹಾಸಿನಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಎಲ್ಲವನ್ನೂ ಕೊಳೆಸಿ ನಾತ ಹಿಡಿಸುತ್ತವೆ. ಕಪ್ಪೆಯ ಮೂತ್ರದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ನೀರು ಕುಡಿಯುವ ಅದೇ ಹೊಟ್ಟೆಯಿಂದ ಕಪ್ಪೆ ಈಗ ತನ್ನದೇ ಕೊಳಕನ್ನೂ ಹೀರಬೇಕು. ಗಲೀಜು ಕಂಡಾಗಲೇ ಅಷ್ಟು ಭಾಗ ತೆಗೆಯುವುದು, ಆಗಾಗ ಇಡೀ ಹಾಸು ಬದಲಿಸುವುದು ಇದಕ್ಕಾಗಿಯೇ. ನಲ್ಲಿ ನೀರಿನ ಕ್ಲೋರಿನ್ ಕೂಡ ಚರ್ಮಕ್ಕೆ ಆಗದು. ಬ್ಲೀಚಿಂಗ್ ಪೌಡರ್ ಹಾಕಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ.

ಮೇಲಿಂದ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಒಂದು ಲೆಕ್ಕ ಮಾಡೋಣ. 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆಯಲ್ಲಿ ಸುಮಾರು 40 ಲೀಟರ್ ಗಾಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ಅಂದರೆ ನಮ್ಮ ಪೆಟ್ಟಿಗೆಯ ಗಾಳಿ ಪೂರ್ತಿ ತೇವವಾಗಲು ಬೇಕಾದದ್ದು 1.2 ಗ್ರಾಂ ನೀರು, ಕಾಲು ಚಮಚ! ಆದರೆ ಮೇಲಿನ ಜಾಲರಿಯಿಂದ ಆ ಗಾಳಿ ಹೊರಹೋಗಿ ಒಣ ಗಾಳಿ ಬರುತ್ತಲೇ ಇರುತ್ತದೆ. ಚಿಮುಕಿಸಿದ ಹನಿ ಬೇಗ ಆರುತ್ತದೆ. ಉಳಿಯುವುದು ಆಳದ ಹಾಸಿನಲ್ಲಿರುವ ನೀರು. ಹಾಗಾಗಿ ಏಳೆಂಟು ಸೆಂ.ಮೀ. ದಪ್ಪ ಹುಡಿ ಹಾಸಿ, ಒಂದು ಮೂಲೆಯಲ್ಲಿ ನಿಧಾನವಾಗಿ ನೀರು ಹೊಯ್ಯುವುದು ಒಳ್ಳೆಯದು. ಅಡಿ ಹೆಚ್ಚು ಹಸಿ, ಮೇಲ್ಮೈ ಕಡಿಮೆ ಹಸಿ. ಬೇಕಾದ ಕಡೆ ಕಪ್ಪೆ ತಾನೇ ಹೋಗಿ ಕೂರುತ್ತದೆ. ಮೇಲೆ ಒಣ ಎಲೆ ಹರಡಿದರೆ ಆರುವುದು ಇನ್ನೂ ನಿಧಾನ. ಹಾಸಿನ ಜೊತೆಗೆ ಕಪ್ಪೆ ಕೂರುವಷ್ಟು ಅಗಲದ, ಆಳವಿಲ್ಲದ ನೀರಿನ ತಟ್ಟೆಯೂ ಇರಬೇಕು.

ಇದನ್ನೆಲ್ಲ ಓದಿ ಗದ್ದೆಗೆ ಡಬ್ಬಿ ಹಿಡಿದು ಹೊರಡಬೇಡಿ. ನಮ್ಮ ಕಾಡು, ಗದ್ದೆಗಳ ಹಲವು ಕಪ್ಪೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಪ್ರಯೋಗಕ್ಕೆ ಕಪ್ಪೆ ಬೇಕಾಗಿಲ್ಲ, ಆಲೂಗಡ್ಡೆ ಸಾಕು. ಅದರ ಜೀವಕೋಶಗಳೂ ನೀರನ್ನು ಇದೇ ನಿಯಮದಂತೆ ಒಳಗೆ, ಹೊರಗೆ ಬಿಡುತ್ತವೆ.

ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ಒಂದೇ ದಪ್ಪದ ನಾಲ್ಕು ಬಿಲ್ಲೆ ಕತ್ತರಿಸಿ ತೂಗಿ. ನಾಲ್ಕು ಗೆರಟೆಗಳಲ್ಲಿ ಒಂದಕ್ಕೆ ಒಣ ಮರಳು, ಒಂದಕ್ಕೆ ಹಸಿ ಜಿಗುಟು ಮಣ್ಣು, ಒಂದಕ್ಕೆ ತೊಳೆದು ಹದ ಮಾಡಿದ ತೆಂಗಿನ ಹುಡಿ, ಕೊನೆಯದಕ್ಕೆ ಅದೇ ಹುಡಿಯನ್ನು ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ ನೆನೆಸಿದ್ದು. ಬಿಲ್ಲೆಗಳನ್ನು ಒಂದೊಂದರ ಮೇಲೆ ಒತ್ತಿಟ್ಟು ಮುಚ್ಚಿ. ಸಂಜೆ ಅಂಟಿದ ಹುಡಿ ಒರೆಸಿ ಮತ್ತೆ ತೂಗಿ, ಬೆರಳಲ್ಲಿ ಬಗ್ಗಿಸಿಯೂ ನೋಡಿ. ಯಾವುದು ಗರಿಗರಿಯಾಗಿ ಉಳಿಯಿತು, ಯಾವುದು ಜೋತುಬಿತ್ತು? ಒದ್ದೆಯಾಗಿದ್ದೂ ಬಿಲ್ಲೆಯನ್ನು ಬಾಡಿಸಿದ ಗೆರಟೆ ಯಾವುದು? ತೂಕಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಜಿಗುಟು ಮಣ್ಣಿನ ಫಲಿತಾಂಶ ಊರಿಂದ ಊರಿಗೆ ಬೇರೆ ಬರುತ್ತದೆ, ಅದನ್ನು ನಿಮ್ಮ ಊರಿನ ಮಣ್ಣೇ ಹೇಳಬೇಕು.

ನಿಜವಾದ ಕಪ್ಪೆಯನ್ನೇ ನೋಡಬೇಕೆಂದರೆ ಶಾಲೆಯ ಕೈತೊಳೆಯುವ ನಲ್ಲಿಯ ಹಿಂದೆ, ಹೂಕುಂಡದ ಅಡಿಯಲ್ಲಿ ಮೆಲ್ಲಗೆ ಬಗ್ಗಿ ನೋಡಿ. ಗದ್ದೆಗಪ್ಪೆ ಅಲ್ಲದಿದ್ದರೂ ಮೈತುಂಬ ಗುಳ್ಳೆಯ ನೆಲಗಪ್ಪೆ ಸಿಕ್ಕೀತು. ಸಿಕ್ಕರೆ ಮುಟ್ಟದೆ, ಅದು ಕೂತ ಜಾಗದ ಪಕ್ಕದ ಮಣ್ಣನ್ನು ಒಂದು ಹಿಡಿ ಎತ್ತಿ ಹಿಂಡಿ, ಎಷ್ಟು ಹನಿ ಬಂತೆಂದು ಎಣಿಸಿ. ಆಮೇಲೆ ಕುಂಡವನ್ನು ಮೊದಲಿದ್ದ ಹಾಗೇ ಇಟ್ಟುಬಿಡಿ.