ಗೊರವನಹಳ್ಳಿಯ ಕಮಲಮ್ಮ: ಸೇವೆ, ಸ್ಮರಣೆ ಮತ್ತು ಸಂತಚರಿತ್ರೆ

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆಯ ಕೊರತೆಯನ್ನೂ ಬರವನ್ನೂ ಮತ್ತೆ ಮತ್ತೆ ಕಂಡ ಸೀಮೆಯಾಗಿದ್ದು, ಇಲ್ಲಿನ ಜನರ ಭಕ್ತಿಯಲ್ಲಿ ತಾಯಿ ದೇವತೆಗಳಿಗೆ ಹಿಂದಿನಿಂದಲೂ ದೊಡ್ಡ ಸ್ಥಾನವಿದೆ. ಮಧುಗಿರಿಯ ದಂಡಿನ ಮಾರಮ್ಮ, ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ಪೂಜೆಗೊಳ್ಳುವ ಶೀತಲಾಂಬೆ, ಕೊರಟಗೆರೆ ತಾಲ್ಲೂಕಿನ ತೀತಾ ಜಲಾಶಯಕ್ಕೆ ಹತ್ತಿರದ ಗೊರವನಹಳ್ಳಿಯ ಮಹಾಲಕ್ಷ್ಮಿ ಈ ಸಾಲಿಗೆ ಸೇರುತ್ತಾರೆ. ಇವರಲ್ಲಿ ಗೊರವನಹಳ್ಳಿಯ ವೈಶಿಷ್ಟ್ಯವೆಂದರೆ, ಅಲ್ಲಿ ದೇವಿಯ ಕಥೆಯನ್ನು ಹೇಳುವವರು ಕಮಲಮ್ಮ ಎಂಬ ಮನುಷ್ಯಸ್ತ್ರೀಯ ಹೆಸರನ್ನು ಬಿಟ್ಟು ಆ ಕಥೆಯನ್ನು ಪೂರ್ಣಗೊಳಿಸಲಾರರು.

ಕ್ಷೇತ್ರದ ಸ್ಥಳಪುರಾಣ, ಅಂದರೆ ಒಂದು ದೇವಸ್ಥಾನದ ಹುಟ್ಟನ್ನೂ ಮಹಿಮೆಯನ್ನೂ ಪರಂಪರೆಯಾಗಿ ಹೇಳಿಕೊಂಡು ಬಂದ ಕಥನ, ಅಬ್ಬಯ್ಯ ಎಂಬ ಬಡವನಿಂದ ಆರಂಭವಾಗುತ್ತದೆ. ನರಸಯ್ಯನ ಪಾಳ್ಯದ ಕೆರೆಯ ಬಳಿ ಅವನಿಗೆ ತಾನು ಮನೆಗೆ ಬರುವುದಾಗಿ ಹೇಳುವ ದನಿ ಕೇಳಿಸಿತೆಂದೂ, ದೆವ್ವವಾದರೆ ಅಲ್ಲಿಯೇ ಇರು, ದೇವಿಯಾದರೆ ಬಾ ಎಂದು ಹೇಳುವಂತೆ ಅವನ ಹೆತ್ತತಾಯಿ ಅವನಿಗೆ ತಿಳಿಸಿದಳೆಂದೂ, ಅನಂತರ ದೊರೆತ ಶಿಲೆಯನ್ನು ಪೂಜಿಸಿದ ಆ ಮನೆ ದಾನಧರ್ಮಗಳಿಂದ ಲಕ್ಷ್ಮೀನಿವಾಸವೆಂದು ಹೆಸರಾಯಿತೆಂದೂ ಪ್ರತೀತಿ. ಅಬ್ಬಯ್ಯನ ತರುವಾಯ ತಮ್ಮನಾದ ತೋಟದಪ್ಪನು ಕನಸಿನಲ್ಲಿ ದೇವಿಯ ಅಪ್ಪಣೆ ಪಡೆದು ಗುಡಿ ಕಟ್ಟಿಸಿದನೆಂದು ಕಥೆ ಮುಂದುವರಿಯುತ್ತದೆ.

ಇದೇ ಪರಂಪರೆಯ ಪ್ರಕಾರ 1910ರ ಸುಮಾರಿನಿಂದ ಪೂಜೆ ತಪ್ಪಿ ಗುಡಿ ಪಾಳುಬೀಳತೊಡಗಿತು. 1925ರಲ್ಲಿ ಬಂದ ಕಮಲಮ್ಮನವರು ಪೂಜೆಯನ್ನು ಮತ್ತೆ ಆರಂಭಿಸಿದರಾದರೂ ಸ್ವಲ್ಪ ಕಾಲದಲ್ಲಿಯೇ ಅಲ್ಲಿಂದ ಹೊರಡಬೇಕಾಯಿತು. 1952ರಲ್ಲಿ ಮರಳಿ ಬಂದು ಅದೇ ಸೇವೆಯನ್ನು ಕೈಗೆತ್ತಿಕೊಂಡ ಮೇಲೆ ಕ್ಷೇತ್ರವು ಬೆಳೆಯುತ್ತ ಹೋಯಿತು. ಇಂದು ಶುಕ್ರವಾರಗಳಲ್ಲಿಯೂ ವರಮಹಾಲಕ್ಷ್ಮಿ ಹಬ್ಬದಲ್ಲಿಯೂ ದೂರದ ಊರುಗಳಿಂದ ಭಕ್ತರು ಬಂದು ಸೇರುತ್ತಾರೆ. ಶಿಲೆ ದೊರೆತದ್ದು ಪವಾಡವೆಂದು ನಂಬುವವರು ಕೂಡ, ಆ ಶಿಲೆಯ ಮುಂದೆ ದೀಪ ಆರದಂತೆ ನೋಡಿಕೊಂಡದ್ದು ಒಬ್ಬ ಹೆಣ್ಣುಮಗಳ ದಿನನಿತ್ಯದ ದುಡಿಮೆಯೆಂಬುದನ್ನು ಮರೆಯುವಂತಿಲ್ಲ.

ಸೇವೆಯಿಂದ ಪೂಜ್ಯತೆಯನ್ನು ಪಡೆದ ಸ್ತ್ರೀಯರ ಕಥೆಗಳು ದೂರದ ನಾಡುಗಳಲ್ಲಿಯೂ ಇವೆ. ಐರ್ಲೆಂಡಿನಲ್ಲಿ 5ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ 6ನೆಯ ಶತಮಾನದ ಮೊದಲ ಭಾಗದವರೆಗೆ ಬಾಳಿದಳೆಂದು ನಂಬಲಾದ ಸಂತ ಬ್ರಿಜಿಡ್, ಕಿಲ್ಡೇರ್ ಎಂಬಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳೆಂದು ಪ್ರಸಿದ್ಧಿ. ಹಾಲು ಬೆಣ್ಣೆಗಳನ್ನು ಬಡವರಿಗೆ ಹಂಚಿದಷ್ಟೂ ಅವು ತುಂಬಿ ಬಂದವೆಂಬ ಕಥೆಗಳು ಅವಳ ಸುತ್ತ ಬೆಳೆದವು. ಕಿಲ್ಡೇರಿನಲ್ಲಿ ಸಂನ್ಯಾಸಿನಿಯರು ಸರದಿಯಂತೆ ಕಾಯುತ್ತಿದ್ದ ಆರದ ಬೆಂಕಿಯನ್ನು 12ನೆಯ ಶತಮಾನದ ಕೊನೆಯಲ್ಲಿ ಲೇಖಕ ಜೆರಾಲ್ಡ್ ಆಫ್ ವೇಲ್ಸ್ ವರ್ಣಿಸಿದ್ದಾನೆ. ಪವಿತ್ರವೆನಿಸಿದ ಬಾವಿಗಳು ಇಂದಿಗೂ ಅವಳ ಹೆಸರಿನಲ್ಲಿವೆ, ಫೆಬ್ರವರಿ 1 ಅವಳ ಹಬ್ಬ, ಮತ್ತು 2023ರಿಂದ ಆ ಹಬ್ಬದ ನಿಮಿತ್ತ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆಯಿದೆ.

ಆದರೆ ಈ ಬ್ರಿಜಿಡಳ ಬಗ್ಗೆ ಚರಿತ್ರಕಾರರಿಗೆ ನಿಶ್ಚಿತವಾಗಿ ತಿಳಿದಿರುವುದು ಬಹಳ ಕಡಿಮೆ. ಕೊಗಿಟೋಸಸ್ ಎಂಬ ಧರ್ಮಗುರು ಲ್ಯಾಟಿನ್ನಿನಲ್ಲಿ ಅವಳ ಚರಿತ್ರೆಯನ್ನು ಬರೆದದ್ದು 7ನೆಯ ಶತಮಾನದಲ್ಲಿ, ಅಂದರೆ ಅವಳು ತೀರಿಕೊಂಡು ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. ಅಷ್ಟರಲ್ಲಿ ಅವಳ ಬದುಕು ಪವಾಡಗಳೊಳಗೆ ಬೆರೆತುಹೋಗಿತ್ತು. ಅದೇ ಹೆಸರಿನ ಹಳೆಯ ದೇವತೆಯೊಬ್ಬಳ ಗುಣಗಳು ಸಂತಳಿಗೆ ಅಂಟಿಕೊಂಡಿರಬಹುದೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಭಕ್ತರು ಸಂತರ ಬದುಕನ್ನು ಆರಾಧನೆಯ ದೃಷ್ಟಿಯಿಂದ ಹೇಳುವ ಇಂಥ ಬರಹವನ್ನು ಸಂತಚರಿತ್ರೆ ಎನ್ನಬಹುದು.

ಕನ್ನಡದಲ್ಲಿಯೂ ಈ ಪ್ರಕಾರ ಹೊಸದಲ್ಲ. 12ನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿಯ ಬದುಕನ್ನು ಕವಿ ಹರಿಹರನು ತನ್ನ ರಗಳೆಯಲ್ಲಿ ಹೇಳುವಾಗ, ಅವಳು ಷರತ್ತುಗಳನ್ನು ಒಡ್ಡಿ ಕೌಶಿಕ ರಾಜನನ್ನು ಮದುವೆಯಾದಳೆನ್ನುತ್ತಾನೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಒಂದೇ ಬದುಕು ಎರಡು ಕಾವ್ಯಗಳಲ್ಲಿ ಎರಡು ಬಗೆಯಾದದ್ದು, ಪ್ರತಿಯೊಂದು ಕಾಲವೂ ತನಗೆ ಬೇಕಾದ ಆದರ್ಶವನ್ನು ಸಂತರಲ್ಲಿ ಕಾಣುತ್ತದೆ ಎಂಬುದಕ್ಕೆ ಸಾಕ್ಷಿ. ಅಕ್ಕನ ವಿಷಯದಲ್ಲಿ ಅವಳ ವಚನಗಳೇ ಉಳಿದು ಬಂದಿರುವುದರಿಂದ ಅವಳ ದನಿಯನ್ನು ನೇರವಾಗಿ ಕೇಳಲು ದಾರಿಯುಂಟು. ಬ್ರಿಜಿಡಳ ವಿಷಯದಲ್ಲಿ ಆ ದಾರಿಯೂ ಇಲ್ಲ.

ಕಮಲಮ್ಮನವರು ಈ ಇಬ್ಬರಂತೆ ದೂರದ ಕಾಲದವರಲ್ಲ, ಅವರ ಸೇವೆ ಜನರ ನೆನಪಿನ ಅಳತೆಯೊಳಗೇ ನಡೆದದ್ದು. ಆದ್ದರಿಂದ ಅವರ ಬದುಕನ್ನು ದಾಖಲಿಸುವ ಅವಕಾಶ ಇನ್ನೂ ಕೈಬಿಟ್ಟು ಹೋಗಿಲ್ಲ: ಅವರನ್ನು ಬಲ್ಲ ಹಿರಿಯರ ಹೇಳಿಕೆಗಳನ್ನು ಧ್ವನಿಮುದ್ರಿಸಿಕೊಳ್ಳುವುದು, ಗುಡಿಯ ಹಳೆಯ ಲೆಕ್ಕಪತ್ರಗಳನ್ನೂ ಛಾಯಾಚಿತ್ರಗಳನ್ನೂ ಕಾಪಿಡುವುದು, 1925ಕ್ಕೂ 1952ಕ್ಕೂ ನಡುವಿನ ವರ್ಷಗಳನ್ನು ಅವರು ಹೇಗೆ ಕಳೆದರೆಂದು ವಿಚಾರಿಸುವುದು ತುರ್ತಾಗಿ ಆಗಬೇಕಾದ ಕೆಲಸಗಳು. ಇಂಥ ದಾಖಲೆ ಭಕ್ತಿಗೆ ಕುಂದು ತರುವುದಿಲ್ಲ. ಗುಡಿ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುವ ನಾಡಿನಲ್ಲಿ, ಕಸ ಗುಡಿಸಿ ದೀಪ ಹಚ್ಚಿ ಗುಡಿಯನ್ನು ಉಳಿಸಿಕೊಂಡ ಹೆಣ್ಣುಮಕ್ಕಳಿಗೂ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗವನ್ನು ಅದು ಕೊಡುತ್ತದೆ.